ಅತ್ತೆ ಎತ್ತಿದ ಫೋನು

ಕೆಲಸ ಕೊಡಿಸುವ ಏಜೆನ್ಸಿಯ ಹುಡುಗಿ ಹೇಳಿದ್ದು ಇಷ್ಟೇ: "ನಾಳೆ ಹತ್ತು ಗಂಟೆಗೆ ಫೋನ್ ಮಾಡ್ತೀನಿ. ಗಲಾಟೆ ಇಲ್ಲದ ಕಡೆ ಇರಿ. ಕೇಳಿದ್ದಕ್ಕೆ ನಿಜ ಹೇಳಿ. ಕಂಪನಿಯವರ ಹತ್ತಿರ ನಿಮ್ಮ ಪರವಾಗಿ ಮಾತಾಡೋಳು ನಾನು, ನನ್ನ ಹತ್ತಿರಾನೇ ಮುಚ್ಚಿಟ್ರೆ ಹೇಗೆ?"

ಮಾತು ಸಣ್ಣದು. ಆದರೆ ಉಗ್ರಾಣಿ ಅದನ್ನು ಮನೆಯ ಹೊಸಿಲಲ್ಲಿ ನಿಂತು ಹೆಂಡತಿಗೆ ಹೇಳಿದ. ಆ ಕಟ್ಟಡದಲ್ಲಿ ಹೊಸಿಲಲ್ಲಿ ಹೇಳಿದ್ದೆಂದರೆ ಡಂಗುರ ಸಾರಿದ ಹಾಗೆ.

ಅವನನ್ನು ಎಲ್ಲರೂ ಈಗಲೂ ಉಗ್ರಾಣಿ ಎಂದೇ ಕರೆಯುತ್ತಿದ್ದರು. ಬಣ್ಣದ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಸೊಂಟದಲ್ಲಿ ಬೀಗದಕೈ ಗೊಂಚಲಿಲ್ಲದೆ ಅವನ ನಡಿಗೆ ಗಂಟೆ ಬಿಚ್ಚಿದ ಎತ್ತಿನ ನಡಿಗೆಯಂತಾಗಿತ್ತು. ಈಗ ಬಿಸ್ಕತ್ತಿನ ಕಾರ್ಖಾನೆಯೊಂದರಲ್ಲಿ ಅದೇ ಕೆಲಸ ಖಾಲಿ ಇತ್ತು. ಮನೆ ನಡೆಯುತ್ತಿದ್ದದ್ದು ಹೆಂಡತಿಯೊಬ್ಬಳ ಸಂಬಳದಲ್ಲಿ. ಅವಳು ಒಂದು ದಿನವೂ ಒಂದು ಮಾತು ಆಡಿರಲಿಲ್ಲ. ಆಡದೆ ಇದ್ದದ್ದೇ ಅವನಿಗೆ ಚುಚ್ಚುತ್ತಿತ್ತು.

ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಅವಳು ಅವನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು.

"ಫೋನಲ್ಲಿ ಅಂಗಿ ಕಾಣುತ್ತೇನೇ?" ಎಂದ ಅವನು.

"ನಿಮಗೆ ಕಾಣುತ್ತಲ್ಲ," ಎಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಒಂಬತ್ತಕ್ಕೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. "ಏಜೆನ್ಸಿಯವರಿಗೆ ಯಾರಾದರೂ ಎಲ್ಲಾ ನಿಜ ಹೇಳ್ತಾರೇನಯ್ಯಾ? ನಿನ್ನ ದೌರ್ಬಲ್ಯ ಏನು ಅಂದ್ರೆ, ಅತಿಯಾಗಿ ದುಡಿಯೋದು ಅನ್ನು."

"ಮೇಷ್ಟ್ರೇ, ಇವನು ಹಾಗಂದ್ರೆ ಆ ಫೋನೇ ನಕ್ಕುಬಿಡುತ್ತೆ," ಎಂದು ಕೆಳಗಿನ ಅಂಗಡಿಯ ದರ್ಜಿ ಕಿಟಕಿಯಿಂದಲೇ ಕೂಗಿದ. ಹಾಗೆ ಕೂಗಿದವನೇ, ಹತ್ತರಿಂದ ಹನ್ನೊಂದರವರೆಗೆ ತನ್ನ ಹೊಲಿಗೆ ಯಂತ್ರ ನಿಲ್ಲಿಸುವುದಾಗಿಯೂ ಮಾತು ಕೊಟ್ಟ.

ಮನೆಯಲ್ಲಿ ಅತ್ತೆ, ಹೆಂಡತಿಯ ತಾಯಿ, ಪಾತ್ರೆ ತೊಳೆಯುತ್ತಿದ್ದರು. ಅವರು ಪಾತ್ರೆ ತೊಳೆದರೆ ಎರಡು ಸೈನ್ಯ ಹೊಡೆದಾಡಿದ ಸದ್ದು. ಆದ್ದರಿಂದ ತಾರಸಿಯೇ ಸರಿ ಎಂದು ತೀರ್ಮಾನವಾಯಿತು. ಮೇಷ್ಟ್ರು ಅವನನ್ನು ತಾವೇ ಮೇಲೆ ಹತ್ತಿಸಿ, "ಒಂದು ನರಪಿಳ್ಳೆಯೂ ನಿನ್ನ ಹತ್ತಿರ ಬರದ ಹಾಗೆ ನೋಡ್ಕೋತೀನಿ" ಎಂದು ತಾರಸಿಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಕೆಳಗಿಳಿದು ಬೀದಿಬಾಗಿಲಲ್ಲಿ ಕಾವಲು ನಿಂತರು.

ಉಗ್ರಾಣಿ ಗಂಟಲು ಸರಿಮಾಡಿಕೊಂಡ. ಕಾಲರ್ ನೇರ ಮಾಡಿಕೊಂಡ. ಜೇಬಿಗೆ ಕೈ ಹಾಕಿದ. ಫೋನು ಕೆಳಗೆ, ಅಡುಗೆಮನೆಯಲ್ಲಿ, ಚಾರ್ಜಿಗೆ ಹಾಕಿದಲ್ಲೇ ಇತ್ತು.

ಬಾಗಿಲು ಬಡಿದ. ಯಾರೂ ಬರಲಿಲ್ಲ. ಗೋಡೆಯಂಚಿಗೆ ಓಡಿ ಬಗ್ಗಿ ಎರಡೂ ಕೈ ಬೀಸಿದ. ಬೀದಿಯವರೆಲ್ಲ ಪ್ರೀತಿಯಿಂದ ತಿರುಗಿ ಕೈ ಬೀಸಿದರು.

"ಬಾಗಿಲು ತೆಗೀರೀ! ಅಯ್ಯೋ, ನನ್ನ ಕೆಲಸ ಹೋಯ್ತು!"

"ಶ್!" ಎಂದು ಮೇಷ್ಟ್ರು ತುಟಿಗೆ ಬೆರಳಿಟ್ಟು ಬೀದಿಯನ್ನೆಲ್ಲ ಸುಮ್ಮನಾಗಿಸಿದರು. "ಹಳೇ ಕೆಲಸ ಹೇಗೆ ಹೋಯ್ತು ಅಂತ ಹೇಳ್ತಿದಾನೆ. ಎಷ್ಟು ಭಾವಪೂರ್ಣವಾಗಿ!"

ಬಹಳ ಹೊತ್ತಿನ ಮೇಲೆ ದರ್ಜಿ ಕಣ್ಣು ಕಿರಿದು ಮಾಡಿ ಮೇಲೆ ನೋಡಿದ. "ಮೇಷ್ಟ್ರೇ, ಅವನ ಕೈಯಲ್ಲಿ ಫೋನೇ ಇಲ್ಲವಲ್ಲ?"

ಮೇಷ್ಟ್ರು ಏದುಸಿರು ಬಿಡುತ್ತಾ ಹತ್ತಿಹೋಗಿ ಅಗಳಿ ತೆಗೆದರು. ಉಗ್ರಾಣಿ ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಅಡುಗೆಮನೆಗೆ ನುಗ್ಗಿದಾಗ ಅತ್ತೆ ಮಣೆಯ ಮೇಲೆ ಆರಾಮವಾಗಿ ಕೂತು ಫೋನಿಗೆ, "ಆಯ್ತಮ್ಮ, ಮೊದಲು ಏನಾದ್ರೂ ಹೊಟ್ಟೆಗೆ ಹಾಕ್ಕೋ" ಎಂದು ಹೇಳಿ ಇಟ್ಟರು.

"ಅತ್ತೇ! ಏನು ಹೇಳಿದ್ರಿ ಅವರಿಗೆ?"

"ನಿಮಗೆ ತೊಂದರೆ ಕೊಡಬಾರದು ಅಂತ ಮೇಷ್ಟ್ರು ಹೇಳಿದ್ರಲ್ಲ, ಅದಕ್ಕೆ ನಾನೇ ಮಾತಾಡಿದೆ. ಕೇಳಿದ್ದಕ್ಕೆಲ್ಲ ನಿಜ ಹೇಳಿದೀನಿ. ಒಂದು ಮೊಳೆ ಕಳೆದ್ರೂ ನಿದ್ದೆ ಬಿಟ್ಟು ಹುಡುಕ್ತಾರೆ ಅಂದೆ. ಕೋಪ ಬಂದ್ರೆ ಊಟ ಬಿಡ್ತಾರೆ, ಅರ್ಧ ಗಂಟೆ ಆದ್ಮೇಲೆ ತಾವೇ ತಟ್ಟೆ ಹಾಕ್ಕೋತಾರೆ ಅಂದೆ. ಸಂಜೆ ನಾಲ್ಕಕ್ಕೆ ಬರಬೇಕಂತೆ. ನಾನೂ ಬರಬೇಕಂತೆ."

ಉಗ್ರಾಣಿಯ ಜೀವ ಹೋಗಿ ಬಂತು. ಕರೆದಿದ್ದಾರೆಂದರೆ ಕೆಲಸ ಆದ ಹಾಗೇ! ದರ್ಜಿ ಓಡಿ ಬಂದು, ಜೋತಾಡುತ್ತಿದ್ದ ಅಂಗಿಯ ಗುಂಡಿಯನ್ನು ಮೈಮೇಲೇ ಹೊಲಿದ. ಮೇಷ್ಟ್ರು ಆಟೋ ಕರೆದು ತಂದರು.

ಏಜೆನ್ಸಿ ಎಂದರೆ ಔಷಧದಂಗಡಿಯ ಮೇಲಿನ ಎರಡು ಕೋಣೆ. ಹೊರಗೆ ಬೆಂಚಿನ ತುಂಬ ಕೆಲಸ ಹುಡುಕುವವರು, ಎಲ್ಲರ ತುಟಿಯಲ್ಲೂ ಬಾಯಿಪಾಠ. ಹುಡುಗಿ ಇವರಿಬ್ಬರನ್ನೂ ಕೂರಿಸಿ, ನೀರು ಕೊಟ್ಟು, ಉಗ್ರಾಣಿಯ ಕಡೆ ತಿರುಗಿದಳು.

"ಸಾರ್, ಬೇಜಾರು ಮಾಡ್ಕೋಬೇಡಿ. ಆ ಕೆಲಸ ರಾತ್ರಿ ಪಾಳಿಯದು. ಒಂಬತ್ತು ಗಂಟೆ ಆದ್ರೆ ಅಳಿಯಂದಿರು ನಿಂತಲ್ಲೇ ತೂಕಡಿಸ್ತಾರೆ ಅಂತ ಅಮ್ಮ ಹೇಳಿದ್ರು. ಮೊದಲೇ ಗೊತ್ತಾಗಿದ್ದು ಒಳ್ಳೇದಾಯ್ತು, ನಿಮಗೂ ನನಗೂ."

ಉಗ್ರಾಣಿ ಅತ್ತೆಯನ್ನು ನೋಡಿದ. ಅತ್ತೆ ಫ್ಯಾನನ್ನು ನೋಡಿದರು.

"ಮತ್ತೆ ನಮ್ಮನ್ನ ಕರೆಸಿದ್ದು ಯಾಕಮ್ಮಾ?"

"ಅಮ್ಮನಿಗೋಸ್ಕರ. ದಿನಾ ಐವತ್ತು ಜನರ ಹತ್ತಿರ ಮಾತಾಡ್ತೀನಿ, ಒಬ್ಬರ ಬಾಯಿಂದಲೂ ನಿಜ ಹೊರಡಲ್ಲ. ಇವತ್ತು ಇವರು ಹತ್ತೇ ನಿಮಿಷದಲ್ಲಿ, ನಾನು ತಿಂಡಿ ತಿಂದಿಲ್ಲ, ಕೆಲಸ ಸಾಕಾಗಿದೆ, ಒಬ್ಬಳ ಕೈಲಿ ಆಗ್ತಿಲ್ಲ ಅಂತ ನನ್ನ ಬಾಯಿಂದಲೇ ಹೊರಡಿಸಿಬಿಟ್ರು. ಅಮ್ಮಾ, ನಮ್ಮಲ್ಲಿ ಕೆಲಸ ಮಾಡ್ತೀರಾ? ಬರೀ ಮಾತಾಡೋದು."

ಅತ್ತೆ ಸೆರಗು ಸರಿಮಾಡಿಕೊಂಡರು. "ಮನೇಲೂ ಅದನ್ನೇ ಮಾಡ್ತೀನಿ, ಸಂಬಳ ಯಾರೂ ಕೊಟ್ಟಿಲ್ಲ. ಯಾವಾಗಿಂದ?"

"ಈಗಿಂದಲೇ. ಮೊದಲನೇವರು ಇಲ್ಲೇ ಕೂತಿದಾರಲ್ಲ."

ಅತ್ತೆ ಎದ್ದು, ಮೇಜು ಸುತ್ತಿ ಹೋಗಿ, ಆಚೆಯ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದರು. ಹುಟ್ಟಿದಂದಿನಿಂದ ಅಲ್ಲೇ ಕೂತಿದ್ದವರ ಹಾಗೆ ಕಂಡರು.

"ಹೇಳಿ, ಎಂಥಾ ಕೆಲಸ ನೋಡ್ತಿದೀರಿ?"

"ಅತ್ತೆ, ನಿಮಗೆ ಗೊತ್ತಿಲ್ವಾ?"

"ಕಚೇರೀಲಿ ಅತ್ತೆ ಅನ್ನಬಾರದು. ಹಗಲು ಪಾಳಿ ಆಗಬಹುದಾ?"

"ಆಗಬಹುದು... ಮೇಡಂ."

"ಸಂತೋಷ. ಏನಾದ್ರೂ ಬಂದ್ರೆ ತಿಳಿಸ್ತೀವಿ." ದನಿ ತಗ್ಗಿಸಿ, ಮೇಜಿನ ಮೇಲೆ ಬಾಗಿ ಸೇರಿಸಿದರು: "ನಾನು ಬರೋದು ಏಳಾಗುತ್ತೆ. ಮಗಳು ದಣಿದು ಬಂದಿರ್ತಾಳೆ. ಅಡುಗೆ ನೀವೇ ಮಾಡಿಡಿ. ಹುಂ, ಮುಂದಿನವರನ್ನ ಕಳಿಸಿ."