ಹುಲಿಮರಿಯ ವಯಸ್ಸು ಹನ್ನೊಂದು

ಆ ದಿನದ ಫಜೀತಿಯೆಲ್ಲ ಶುರುವಾದದ್ದು ಮಗ ನಕ್ಕಿದ್ದರಿಂದ.

ಬೆಳಿಗ್ಗೆ ಎಂಟು ಗಂಟೆ. ಶಾಲೆಗೆ ರಜೆ. ಹನ್ನೆರಡು ವರ್ಷದ ಹುಡುಗ ಹಾಲಿನ ಲೋಟದ ಮುಂದೆ ಕೂತು, ಮೇಜಿನ ಅಂಚಿನ ಕೆಳಗೆ ಹಿಡಿದಿದ್ದ ಫೋನು ನೋಡಿ ಕಿಸಕ್ಕನೆ ನಕ್ಕ. ಎದುರಿಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಅಪ್ಪ ತಲೆಯೆತ್ತಿ, "ಏನೋ ಅದು?" ಅಂದ.

"ಏನಿಲ್ಲ" ಅಂದ ಮಗ. ಮುಖದ ಮೇಲೆ ಬಾಗಿಲು ಮುಚ್ಚಿಕೊಂಡಿತು.

ಅಪ್ಪ ಬೂಟಿನ ದಾರ ಅರ್ಧಕ್ಕೇ ಬಿಟ್ಟ. ಈ ನಗು ಕೇಳಿ ಎಷ್ಟು ದಿನವಾಯಿತು ಎಂದು ನೆನೆದುಕೊಳ್ಳಲು ಹೋದ, ನೆನಪಾಗಲಿಲ್ಲ. ಈಗ ಬಂದ ನಗುವೂ ತನಗಾಗಿ ಬಂದದ್ದಲ್ಲ, ಫೋನಿನೊಳಗಿರುವ ಇನ್ಯಾರಿಗೋ ಸೇರಿದ್ದು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಹತ್ತು ಮಹಡಿಯ ಕಚೇರಿ ಕಟ್ಟಡವೊಂದರ ನಾಲ್ಕು ಲಿಫ್ಟುಗಳು ಅವನ ಹೊಣೆ. ಆ ಕಟ್ಟಡದವರು ಇಟ್ಟ ಹೆಸರು ಲಿಫ್ಟಪ್ಪ. ಅದು ಮನೆಯ ಬೀದಿಗೂ ಹಬ್ಬಿತ್ತು. ಯಾವ ಹಗ್ಗ ಸವೆದಿದೆ, ಯಾವ ಬಾಗಿಲು ನಾಳೆ ಸಿಕ್ಕಿಕೊಳ್ಳುತ್ತದೆ ಎಂದು ಸದ್ದಿನಿಂದಲೇ ಹೇಳಬಲ್ಲ. ಮನೆಯೊಳಗೆ ಮಾತ್ರ ಆ ಕಿವಿ ಕೆಲಸ ಮಾಡುತ್ತಿರಲಿಲ್ಲ.

ಹೆಂಡತಿ ಆಗಲೇ ಹಲ್ಲಿನ ಆಸ್ಪತ್ರೆಗೆ ಹೊರಟುಹೋಗಿದ್ದಳು. ಅಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವ ಮೇಜು ಅವಳದು. ಲಿಫ್ಟಪ್ಪ ಮನೆಯಿಂದ ಇಳಿಯುವಾಗ ಮೆಟ್ಟಿಲಲ್ಲಿ ಕೆಳಮನೆಯ ಹೆಡ್‌ಮಿಸ್ ಎದುರಾದರು. ಶಾಲೆಯಿಂದ ನಿವೃತ್ತಿಯಾಗಿ ಒಂಬತ್ತು ವರ್ಷವಾಗಿದ್ದರೂ ಶಾಲೆ ಅವರಿಂದ ನಿವೃತ್ತಿಯಾಗಿರಲಿಲ್ಲ. ಹಲ್ಲುನೋವಿಗೆ ಒಂದು ಕೆನ್ನೆ ಒತ್ತಿ ಹಿಡಿದುಕೊಂಡೇ ಪಾಠ ಶುರು ಮಾಡಿದರು.

"ಮಗ ಮನೇಲೇನಾ?"

"ಹೌದು ಮಿಸ್."

"ಫೋನು ಹಿಡ್ಕೊಂಡಾ?"

"ಹೌದು ಮಿಸ್."

"ಯಾರ ಜೊತೆ ಮಾತಾಡ್ತಾನೆ, ಗೊತ್ತಾ?"

"ಇಲ್ಲ ಮಿಸ್."

ಮೂರರಲ್ಲಿ ಎರಡಕ್ಕೆ ಸರಿಯುತ್ತರ ಕೊಟ್ಟಿದ್ದರೂ ಅವರು ಫೇಲ್ ಮಾಡಿದವರಂತೆ ತಲೆಯಾಡಿಸಿದರು. "ಬಾವಿಗೆ ಬಿದ್ದ ಮಗು ಕೂಗಿಕೊಳ್ಳತ್ತೆ. ಇದರೊಳಗೆ ಬಿದ್ದ ಮಗು ಸದ್ದೇ ಮಾಡಲ್ಲ. ನೆನಪಿಟ್ಕೊ."

ಆ ಮಾತು ಲಿಫ್ಟಪ್ಪನ ಬೂಟಿನೊಳಗೆ ಸೇರಿದ ಕಲ್ಲಿನಂತೆ ಕೆಲಸದವರೆಗೂ ಜೊತೆಗೆ ಬಂತು.

ಕಟ್ಟಡದ ಬಾಗಿಲಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ಜನ ಅವನನ್ನು ಕರೆಯುತ್ತಿದ್ದದ್ದು ಸುಪ್ರೀಂ ಕೋರ್ಟು ಎಂದು. ಯಾರ ಜಗಳವೇ ಇರಲಿ, ಆ ಸ್ಟೂಲಿನ ಮುಂದೆ ತೀರ್ಮಾನವಾಗಬೇಕು. ಅದರ ಮೇಲೆ ಅಪೀಲಿಲ್ಲ. ಲಿಫ್ಟಪ್ಪ ತನ್ನ ಸಂಕಟ ಹೇಳಿಕೊಂಡ.

"ಕಳ್ಳನ್ನ ಹಿಡಿಯಕ್ಕೆ ಕಳ್ಳನೇ ಆಗ್ಬೇಕು" ಅಂದಿತು ಕೋರ್ಟು. "ಮಗುನ ಹಿಡಿಯಕ್ಕೆ ಮಗು ಆಗು. ಯಾವ ಆಟ ಅದು?"

ಮಕ್ಕಳೆಲ್ಲ ಸೇರಿ ಊರು ಕಟ್ಟುವ ಆಟ. ಮಗನ ಗುಂಪಿನ ಹೆಸರು ‘ಕೊನೇ ಬೆಂಚು’ ಎಂಬುದನ್ನು ಲಿಫ್ಟಪ್ಪ ಬೆಳಿಗ್ಗೆ ಬುತ್ತಿಚೀಲ ಎತ್ತಿಕೊಳ್ಳುವಾಗ ಓರೆಗಣ್ಣಲ್ಲಿ ನೋಡಿಕೊಂಡಿದ್ದ. ಇಬ್ಬರೂ ಆಟವನ್ನು ಫೋನಿಗೆ ಇಳಿಸಿಕೊಂಡರು. ಅದು ಹೆಸರು ಕೇಳಿತು. ‘ಹುಲಿಮರಿ’ ಎಂದು ಕೋರ್ಟೇ ನಾಮಕರಣ ಮಾಡಿತು. ವಯಸ್ಸು ಕೇಳಿತು. ಲಿಫ್ಟಪ್ಪ ನಲವತ್ತೊಂದು ಎಂದು ಒತ್ತಲು ಹೋದಾಗ ಕೋರ್ಟು ಅವನ ಬೆರಳು ಹಿಡಿದುಕೊಂಡಿತು. ನಾಲ್ಕು ಹೋಗಿ ಒಂದಾಯಿತು. ಮೂವತ್ತು ವರ್ಷ ಅಷ್ಟು ಸಲೀಸಾಗಿ ಉದುರಿಹೋಯಿತು.

ಗುಂಪಿಗೆ ಸೇರಲು ಯಾರೂ ತಡೆಯಲಿಲ್ಲ. ಅವನಿಗೆ ಮೊದಲು ಹೆದರಿಕೆಯಾದದ್ದೇ ಅದಕ್ಕೆ.

ಮೇಲೆ ಯಂತ್ರದ ಕೋಣೆಗೆ ಹೋಗಿ, ಮೂರನೇ ಲಿಫ್ಟಿನ ಬ್ರೇಕು ನೋಡಲೆಂದು ಅದರ ಸ್ವಿಚ್ಚು ಕೆಳಗಿಳಿಸಿ, ಹತ್ತಾರು ಸಲಕರಣೆ ಹರಡಿಕೊಂಡು, ಅವುಗಳ ಮಧ್ಯೆ ಫೋನು ತೆಗೆದ. ಪಟ್ಟಿಯಲ್ಲಿ ಹದಿನಾಲ್ಕು ಹೆಸರು: ಬೆಂಕಿಪೊಟ್ಟಣ, ಡಾಕ್ಟರ್ ಇಲಿ, ನಿದ್ದೆರಾಜ, ಒಂಟಿನಕ್ಷತ್ರ, ಹೀಗೆ. ಇವರಲ್ಲಿ ತನ್ನ ಮಗ ಯಾವನು? ಮೇಲಿಂದ ಕೆಳಗೆ ಎರಡು ಸಲ ಓದಿದ. ಅವನು ಎಂಥ ತಮಾಷೆ ಮಾಡುತ್ತಾನೆ, ಯಾವ ಮಾತಿಗೆ ಸಿಡುಕುತ್ತಾನೆ ಎಂದು ಗೊತ್ತಿದ್ದರಲ್ಲವೇ ಗುರುತು ಸಿಗುವುದು. ಮೋಟಾರಿನ ಪಕ್ಕದಲ್ಲಿ ಕೂತು ಅಪ್ಪ ಮೂರನೇ ಸಲ ಓದಿದ.

ಕೊನೆಗೆ ಬರೆದ: "ಎಲ್ಲರಿಗೂ ನಮಸ್ಕಾರ. ನಾನು ಹೊಸಬ. ಎಲ್ಲರೂ ಚೆನ್ನಾಗಿದ್ದೀರಾ?"

ಅಲ್ಲಿಯವರೆಗೆ ಸಂತೆಯಂತಿದ್ದ ಗುಂಪು ಗಪ್‌ಚಿಪ್ಪಾಯಿತು. ಒಂಟಿನಕ್ಷತ್ರವೊಂದೇ ಉತ್ತರ ಕೊಟ್ಟಿತು: "ಬಾ ಹುಲಿಮರಿ. ನಾನೂ ಇವತ್ತೇ ಬಂದದ್ದು. ತಿಂಡಿ ತಿಂದೆಯಾ?"

ಒಳ್ಳೆಯ ಮಗು, ಅನ್ನಿಸಿತು ಅವನಿಗೆ. ಇವತ್ತೇ ಬಂದದ್ದು ಅನ್ನುವುದು ಸುಳ್ಳೂ ಇರಬಹುದು. ಹನ್ನೆರಡು ವರ್ಷದವರು ಏನು ಬೇಕಾದರೂ ಹೇಳುತ್ತಾರೆ. ತಿಂಡಿಯಿಂದ ಮಾತು ನಿದ್ದೆಗೆ, ನಿದ್ದೆಯಿಂದ ಮನೆಗೆ ಹೊರಳಿತು. ಹನ್ನೊಂದೂವರೆಯ ಹೊತ್ತಿಗೆ ಒಂಟಿನಕ್ಷತ್ರ ಬರೆಯಿತು: "ನಮ್ಮನೇಲಿ ನಾನು ಏನು ಹೇಳಿದರೂ ಹ್ಞೂಂ ಅಂತಾರೆ. ಏನು ಹೇಳಿದೆ ಹೇಳಿ ನೋಡೋಣ ಅಂದರೆ ಗೊತ್ತಿರಲ್ಲ."

ಲಿಫ್ಟಪ್ಪ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ನಿನ್ನೆ ಸಂಜೆ ಮಗ ಏನೋ ಹೇಳಿದ್ದ. ತಾನು ಹ್ಞೂಂ ಅಂದಿದ್ದ. ಏನು ಹೇಳಿದ್ದ? ಚಿತ್ರಸ್ಪರ್ಧೆಯೋ, ಚಪ್ಪಲಿಯೋ, ಏನೋ ಒಂದು ‘ಚ’.

ತಡೆಯಲಾಗದೆ ಮನೆಗೆ ಫೋನು ಮಾಡಿದ.

"ಏನಪ್ಪ?"

"ಏನಿಲ್ಲ. ಚೆನ್ನಾಗಿದೀಯಾ?"

"ಹ್ಞೂಂ" ಅಂದ ಮಗ. ಫೋನು ಕಟ್ಟಾಯಿತು.

ಸಂಶಯವೇ ಉಳಿಯಲಿಲ್ಲ. ಒಂಟಿನಕ್ಷತ್ರ ತನ್ನದೇ ಹೊಟ್ಟೆಯ ಕೂಸು. ಲಿಫ್ಟಪ್ಪ ಹತ್ತು ಮಹಡಿ ಮೆಟ್ಟಿಲಿಳಿದು ಕೋರ್ಟಿನ ಮುಂದೆ ಏದುಸಿರು ಬಿಡುತ್ತ ನಿಂತ.

"ಈಗಲೇ ನಾನು ಅಪ್ಪ ಅಂತ ಹೇಳ್ಬಿಡ್ಲಾ?"

"ಹೇಳಿದ್ಯೋ, ಆಮೆ ಚಿಪ್ಪೊಳಗೆ ಹೋದ ಹಾಗೆ ಹೋಗ್ತಾನೆ. ಮತ್ತೆ ಈಚೆ ಬರಲ್ಲ. ದುಃಖನ ಹಿಡಿಯಕ್ಕೆ ದುಃಖನೇ ಗಾಳ. ನಿಂದೂ ಒಂದು ದುಃಖ ಹಾಕು. ಸುಳ್ಳಾದ್ರೂ ಪರವಾಗಿಲ್ಲ."

ಮೇಲೆ ಬಂದು ಸುಳ್ಳು ಬರೆಯಲು ಕೂತ. ಬೆರಳು ಬರೆದದ್ದು ಇದು: "ನಮ್ಮನೇಲೂ ಹಾಗೇ. ನಾನು ಬಾಗಿಲು ತೆಗೆದುಕೊಂಡು ಒಳಗೆ ಬಂದರೆ ಯಾರೂ ತಲೆ ಎತ್ತಲ್ಲ. ನಾನು ಬಂದರೂ ಒಂದೇ, ಬಿಟ್ಟರೂ ಒಂದೇ." ಬರೆದು, ಓದಿ, ಯಾರೋ ಹಿಂದೆ ನಿಂತು ಹೇಳಿಕೊಟ್ಟರೇನೋ ಎಂಬಂತೆ ತಿರುಗಿ ನೋಡಿದ.

"ಅಯ್ಯೋ ಪಾಪ, ಇಷ್ಟು ಚಿಕ್ಕ ವಯಸ್ಸಿಗೆ" ಎಂದು ಬಂತು ಉತ್ತರ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ನನಗೂ ಒಂದೊಂದು ಸಲ ಬಸ್ ನಿಲ್ದಾಣಕ್ಕೆ ಹೋಗಿ ಮೊದಲು ಬಂದ ಬಸ್ಸು ಹತ್ತಿಬಿಡೋಣ ಅನ್ನಿಸತ್ತೆ."

ಲಿಫ್ಟಪ್ಪ ಎದ್ದು ನಿಂತ. "ನಾನೂ ಬರ್ತೀನಿ" ಎಂದು ಬರೆದ. "ಐದು ಗಂಟೆ. ನೀರಿನ ನಲ್ಲಿಯ ಪಕ್ಕದ ಬೆಂಚು. ಅಲ್ಲಿವರೆಗೂ ಯಾವ ಬಸ್ಸೂ ಹತ್ತಬೇಡ."

"ನೀನೂ ಹತ್ತಬೇಡ. ಬಂದೇ ಬರ್ತೀನಿ. ನನ್ನಾಣೆ."

ಆಗ ಅವನಿಗೆ ಕೆಳಗಿನಿಂದ ದಬದಬ ಸದ್ದು ಕೇಳಿಸಿತು. ಎಷ್ಟು ಹೊತ್ತಿನಿಂದ ಬರುತ್ತಿತ್ತೋ. ಸ್ವಿಚ್ಚು ಇಳಿಸುವ ಮೊದಲು ಮೂರನೇ ಲಿಫ್ಟಿನೊಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವುದು ಈ ಕಸುಬಿನ ಮೊದಲ ಪಾಠ. ಹದಿನೇಳು ವರ್ಷದಲ್ಲಿ ಮೊದಲ ಸಲ ಅದನ್ನು ಮರೆತಿದ್ದ.

ನಾಲ್ಕು ಮತ್ತು ಐದನೇ ಮಹಡಿಯ ನಡುವಿನಿಂದ ಹೊರಗೆ ಬಂದವರು ಕಟ್ಟಡದ ಮ್ಯಾನೇಜರು. ಹಿಂಡಿ ಒಣಹಾಕಲು ಮರೆತ ಬಟ್ಟೆಯ ಹಾಗಿದ್ದರು. "ಮೂರು ಗಂಟೆ ಒಳಗಿದ್ದೆ" ಅಂದರು, ಬಹಳ ಮೆಲ್ಲಗೆ. ಮೆಲ್ಲಗೆ ಅಂದದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಸಾರ್, ಒಂದು ಮಗು ಮನೆ ಬಿಟ್ಟು ಹೋಗ್ತಿದೆ" ಅಂದ ಲಿಫ್ಟಪ್ಪ. "ನನ್ನ ಮಗನೇ ಅಂತ ಕಾಣತ್ತೆ."

ಮ್ಯಾನೇಜರು ಅವನ ಫೋನು ಇಸಿದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಬೆವರು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ನನಗೂ ಮಗಳಿದಾಳೆ" ಅಂದರು. ಆಮೇಲೆ, "ಹೋಗು. ನಾಳೆ ಬಂದು ಲಿಖಿತ ವಿವರಣೆ ಕೊಡು."

ಸಂಜೆ ಬಸ್ ನಿಲ್ದಾಣಕ್ಕೆ ಅವನ ಜೊತೆ ಸುಪ್ರೀಂ ಕೋರ್ಟೂ ಹೊರಟಿತು. ಸಮವಸ್ತ್ರ ಕಂಡು ಮಗು ಹೆದರೀತೆಂದು ಕಂಬದ ಮರೆಯಲ್ಲಿ ನಿಂತಿತು. ಕಂಬ ಅಷ್ಟು ದಪ್ಪವಾಗಿರಲಿಲ್ಲ. ಹಸಿದು ಬಂದಿರುತ್ತಾನೆಂದು ಲಿಫ್ಟಪ್ಪ ಒಂದು ಬನ್ನು ಕೊಂಡ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಕಟ್ಟಿಕೊಂಡು ಬಂದಿದ್ದ: ಮನೆಗೆ ಹೋಗೋಣ ಬಾ, ನಿನ್ನೆ ಏನು ಹೇಳಿದೆಯೋ ಅದನ್ನು ಮತ್ತೆ ಹೇಳು, ಈ ಸಲ ಕೇಳಿಸಿಕೊಳ್ಳುತ್ತೇನೆ.

ನಲ್ಲಿಯ ಪಕ್ಕದ ಬೆಂಚಿನ ಮೇಲೆ ಮಗು ಇರಲಿಲ್ಲ. ಅವನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ. ಕಣ್ಣು ಬಂದುಹೋಗುವ ಮಕ್ಕಳ ಮೇಲೆ.

"ನೀನಿಲ್ಲೇನು ಮಾಡ್ತಿದೀಯ?"

"ನೀವು?"

"ಒಂದು ಮಗು ಬರಬೇಕಿತ್ತು."

"ನನಗೂ ಒಂದು ಮಗು ಬರಬೇಕಿತ್ತು ರೀ. ಪಾಪ, ಹನ್ನೊಂದು ವರ್ಷ..." ಎಂದವಳು ಅವನ ಕೈಯಲ್ಲಿದ್ದ ಬನ್ನು ನೋಡಿದಳು. ಅವನು ಬಿಸ್ಕತ್ತು ನೋಡಿದ.

ಪತ್ರಿಕೆ ಅಂಗಡಿಯ ಹಿಂದಿನಿಂದ ಹೆಡ್‌ಮಿಸ್ ಹೊರಬಂದರು. ಕೆನ್ನೆ ಇಡ್ಲಿಯಂತೆ ಉಬ್ಬಿತ್ತು, ಅರ್ಧ ಬಾಯಿ ಮರಗಟ್ಟಿತ್ತು. "ಹುಯಿಮಯಿ ಎಯ್ಯಿ?" ಎಂದು ಕೇಳಿದರು. ಬೆಳಿಗ್ಗೆ ಹಲ್ಲು ತೋರಿಸಲು ಹೋದವರು ಸರದಿ ಬರುವವರೆಗೆ ಇವಳ ಮೇಜಿನೆದುರೇ ಕೂತು, ಬಾವಿಯ ಮಾತನ್ನು ಇವಳಿಗೂ ಹೇಳಿ, ಇವಳ ಫೋನಿಗೂ ಆಟ ಇಳಿಸಿ, ಮಗನ ಗುಂಪಿಗೆ ಸೇರಿಸಿಕೊಟ್ಟಿದ್ದರು.

ಕಂಬದ ಹಿಂದಿನಿಂದ ಕೋರ್ಟು ಬಂದು ಎಲ್ಲರ ಮುಖ ನೋಡಿ, "ಇಬ್ಬರೂ ತಪ್ಪಿತಸ್ಥರು. ಇಬ್ಬರೂ ಸಿಕ್ಕಿದಾರೆ. ಕೇಸು ಮುಗೀತು" ಅಂದಿತು. ಹೆಡ್‌ಮಿಸ್ ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟರು. ಅವರು ಹಾಗೆ ಮಾತು ಕೊಟ್ಟ ಸುದ್ದಿಗಳೇ ಆ ಬೀದಿಯಲ್ಲಿ ಎಲ್ಲಕ್ಕಿಂತ ಮೊದಲು ಹಬ್ಬುತ್ತಿದ್ದವು.

ಗಂಡ ಹೆಂಡತಿ ನಡೆದೇ ಹೊರಟರು. ಎರಡು ತಿರುವು ದಾಟಿದ ಮೇಲೆ ಲಿಫ್ಟಪ್ಪ ಕೇಳಿದ: "ಬಸ್ಸು ಹತ್ತಿಬಿಡೋಣ ಅನ್ನಿಸತ್ತೆ ಅಂತ ಬರೆದೆಯಲ್ಲ, ಅದು ಮಿಸ್ ಹೇಳಿಕೊಟ್ಟಿದ್ದಾ?"

"ಮಿಸ್ ಆಗ ಕುರ್ಚಿ ಮೇಲೆ ಬಾಯಿ ತೆಕ್ಕೊಂಡು ಮಲಗಿದ್ರು. ಡಾಕ್ಟರ ಕೈ ಒಳಗಿತ್ತು."

ಅವನು ನಡಿಗೆ ನಿಧಾನ ಮಾಡಿದ.

"ನೀವು ಬರೆದದ್ದು?" ಅಂದಳು.

"ಸುಳ್ಳು ಬರಿ ಅಂತ ಕಾವಲಿನವನು ಹೇಳಿದ್ದ. ನನಗೆ ಸುಳ್ಳು ಹೊಳೀಲಿಲ್ಲ."

ಬನ್ನು ಮುರಿದು ಅರ್ಧ ಅವಳಿಗೆ ಕೊಟ್ಟ. ಅವಳು ತಿನ್ನುತ್ತ, ಇವತ್ತು ಆಸ್ಪತ್ರೆಯಲ್ಲಿ ಒಬ್ಬ ಮುದುಕ ಕಟ್ಟುಹಲ್ಲು ಜೇಬಿನಲ್ಲಿಟ್ಟುಕೊಂಡು ಅದರ ಮೇಲೆ ಕೂತ ಕತೆ ಹೇಳಿದಳು. ಅವನು ಹ್ಞೂಂ ಅನ್ನಲಿಲ್ಲ. "ಆಮೇಲೆ?" ಅಂದ.

ಮನೆಯ ಬಾಗಿಲು ಮುಟ್ಟುವ ಮೊದಲೇ ಮಗ ತೆಗೆದ. "ಎಲ್ಲಿ ಹೋಗಿದ್ರಿ ಇಬ್ಬರೂ? ಕೂತ್ಕೊಳ್ಳಿ, ಕೂತ್ಕೊಳ್ಳಿ, ದೊಡ್ಡ ವಿಷಯ ಇದೆ" ಎಂದು ಅಪ್ಪನ ಕೈಹಿಡಿದು ಎಳೆದು ಕುರ್ಚಿಯಲ್ಲಿ ಕೂರಿಸಿದ. ಎಷ್ಟೋ ತಿಂಗಳ ಮೇಲೆ ಹುಡುಗ ತಾನಾಗಿ ಮಾತಿಗೆ ಬಂದದ್ದು ಕಂಡು ಅಮ್ಮನ ಕಣ್ಣು ತುಂಬಿತು.

"ನಮ್ಮ ಆಟದ ಗುಂಪಿಗೆ ಇವತ್ತು ಇಬ್ಬರು ಕೆಟ್ಟೋರು ಬಂದಿದ್ರು" ಅಂದ ಮಗ. "ಮಕ್ಕಳ ವೇಷ ಹಾಕ್ಕೊಂಡು. ಒಬ್ಬ ಹುಲಿಮರಿ, ಒಬ್ಬ ಒಂಟಿನಕ್ಷತ್ರ. ಮಕ್ಕಳನ್ನ ಬಸ್ ನಿಲ್ದಾಣಕ್ಕೆ ಕರೆಸ್ಕೊಳ್ಳೋ ಸಂಚು."

ಅಮ್ಮ ಬಿಸ್ಕತ್ತಿನ ಪೊಟ್ಟಣವನ್ನು ಸೆರಗಿನೊಳಗೆ ಸರಿಸಿದಳು.

"ದೊಡ್ಡೋರು ಅಂತ ಹೇಗೆ ಗೊತ್ತಾಯ್ತು?" ಎಂದ ಅಪ್ಪ.

"ಬಂದ ತಕ್ಷಣ ಯಾರಪ್ಪ ನಮಸ್ಕಾರ ಅಂತಾರೆ? ಎಲ್ಲ ಮಾತಿಗೂ ಪೂರ್ಣವಿರಾಮ ಬೇರೆ. ನಾನೇ ಒಬ್ಬೊಬ್ಬರಿಗೂ ಗುಟ್ಟಾಗಿ ಸುಮ್ಮನಿರಿ ಅಂದೆ. ಅವರು ಬರೆದದ್ದೆಲ್ಲ ಫೋಟೋ ತೆಗೆದು ಕ್ಲಾಸ್ ಮಿಸ್‌ಗೆ ಕಳಿಸ್ದೆ." ಸ್ವಲ್ಪ ತಡೆದು, ದನಿ ತಗ್ಗಿಸಿ ಅಂದ: "ಆದ್ರೆ ಒಂದೊಂದು ಸಲ ನಿಜವಾಗ್ಲೂ ಬೇಜಾರಲ್ಲಿದಾರೆ ಅನ್ನಿಸ್ತಿತ್ತು. ಅದಕ್ಕೇ ನಂಗೆ ತುಂಬಾ ಭಯ ಆಯ್ತು."

ಅಪ್ಪ ಅಮ್ಮನ ಕಡೆ ನೋಡಿದ.

"ಪೊಲೀಸರಿಗೂ ಹೇಳಿದಾರಂತೆ. ನಾಳೆ ಬೆಳಿಗ್ಗೆ ಶಾಲೇಲಿ ಎಲ್ಲಾ ಅಪ್ಪ ಅಮ್ಮಂದಿರ ಸಭೆ. ಇನ್ಸ್‌ಪೆಕ್ಟರೂ ಬರ್ತಾರೆ. ನಂಗೆ ಬಹುಮಾನ. ಇಷ್ಟು ಎಚ್ಚರಿಕೆಯಿಂದ ಮಗನ್ನ ಬೆಳೆಸಿದ್ದು ಹೇಗೆ ಅಂತ ನೀನು ಸ್ಟೇಜ್ ಮೇಲೆ ಮಾತಾಡ್ಬೇಕಂತೆ."

ಲಿಫ್ಟಪ್ಪನಿಗೆ ಹಗ್ಗ ಕಡಿದ ಲಿಫ್ಟಿನಲ್ಲಿ ನಿಂತಂತಾಯಿತು. "ನಂಗೆ ಮಾತಾಡಕ್ಕೆ ಬರಲ್ಲ ಕಣೋ" ಅಂದ.

"ಗೊತ್ತಪ್ಪ" ಅಂದ ಮಗ, ಅವನ ಬೆನ್ನು ಸವರಿ. "ಕೇಳಿದ್ರೆ ಆಗಲ್ಲ ಅಂತೀಯ. ಅದಕ್ಕೇ ನಿನ್ನ ಪರವಾಗಿ ನಾನೇ ಒಪ್ಕೊಂಡ್ಬಿಟ್ಟೆ."