ಸ್ವರ್ಗದ ಬೋರ್ಡಿನ ಮಹಾಪ್ರಾಣ

ದೇವೇಂದ್ರಪ್ಪ: ಬೈಯೋದಕ್ಕೆ ಅಂತ ಕೊಟ್ಟ ಪುಸ್ತಕ ಕಣಯ್ಯ ಅದು. ನೀನು ನಗೋದು ಗೇಟಿನ ಆಚೆಗೂ ಕೇಳಿಸ್ತಾ ಇದೆ.

ಲಕ್ಷ್ಮೀಪತಿ: ಬೈತೀನಿ ಕಣೋ. ನಗು ಮುಗೀಲಿ.

ಮೆಟ್ರೋಗಾಗಿ ಅಗೆದ ರಸ್ತೆಯ ಧೂಳು ವಿಜಯನಗರದವರ ಕಾಫಿ ಲೋಟದೊಳಕ್ಕೂ ಇಳಿಯುತ್ತಿದ್ದ ಕಾಲ. ಲಕ್ಷ್ಮೀಪತಿ ಮೇಷ್ಟ್ರು ಕನ್ನಡ ವ್ಯಾಕರಣ ಕಲಿಸಿ ನಿವೃತ್ತರಾದವರು. ದೇವೇಂದ್ರಪ್ಪ ಅದೇ ಶಾಲೆಯಲ್ಲಿ ಲೆಕ್ಕ ಕಲಿಸಿ, ಈಗ ಬೀದಿಯ ಗಣಪತಿ ಗುಡಿಗೆ ಕಾರ್ಯದರ್ಶಿ. ಭಾನುವಾರ ಬಡಾವಣೆಯ ಓದುಗರ ಬಳಗದಲ್ಲಿ ‘ದೇವರಿಗೊಂದು ಸೈಟು’ ಎಂಬ ಕಾದಂಬರಿಯ ಮೇಲೆ ಮಾತು. ದೇವರನ್ನೂ ಗುಡಿಯನ್ನೂ ಗೇಲಿ ಮಾಡುವ ಆ ಪುಸ್ತಕವನ್ನು ಉಗಿಯಲು ಸಂಧ್ಯಾವಂದನೆ ಬಿಡದ ಮೇಷ್ಟ್ರೇ ತಕ್ಕವರು ಎಂದು ಹೆಸರು ಕೊಟ್ಟವರು ದೇವೇಂದ್ರಪ್ಪನವರೇ.

ದೇವೇಂದ್ರಪ್ಪ: ದೇವರಿಲ್ಲ ಅಂತಾನೆ ಅವನು. ಒಪ್ತೀಯಾ?

ಲಕ್ಷ್ಮೀಪತಿ: ಇಲ್ಲ.

ದೇವೇಂದ್ರಪ್ಪ: ಗುಡಿ ಅಂದ್ರೆ ಫುಟ್‌ಪಾತ್ ಒತ್ತುವರಿ ಅಂತಾನೆ. ಒಪ್ತೀಯಾ?

ಲಕ್ಷ್ಮೀಪತಿ: ಅದು ಯಾವ ಗುಡಿ ಅನ್ನೋದರ ಮೇಲೆ ಹೋಗುತ್ತೆ.

ದೇವೇಂದ್ರಪ್ಪ: ನಮ್ಮ ಗುಡೀದು ಮೆಟ್ಟಿಲು ಮಾತ್ರ ಫುಟ್‌ಪಾತಿನ ಮೇಲಿರೋದು. ಗಣಪತಿ ಒಳಗೇ ಇದಾನೆ.

ಲಕ್ಷ್ಮೀಪತಿ: ಸರಿಯಪ್ಪ, ಅದನ್ನೂ ಒಪ್ಪಲ್ಲ. ಇಡೀ ಪುಸ್ತಕದಲ್ಲಿ ನಾನು ಒಪ್ಪೋ ವಾಕ್ಯ ಒಂದೂ ಇಲ್ಲ. ಕಷ್ಟ ಏನಂದ್ರೆ, ತಿದ್ದೋ ವಾಕ್ಯವೂ ಒಂದೂ ಇಲ್ಲ.

ದೇವೇಂದ್ರಪ್ಪ: ಅಂದ್ರೆ ಪಾಸೋ, ಫೇಲೋ?

ಲಕ್ಷ್ಮೀಪತಿ: ಉತ್ತರ ತಪ್ಪು. ಬರೆದ ರೀತಿಗೆ ಪೂರ್ತಿ ಅಂಕ. ನೀನು ಸ್ಟೆಪ್ಪಿಗೆ ಮಾರ್ಕ್ಸ್ ಕೊಡ್ತಿರಲಿಲ್ವೇ?

ದೇವೇಂದ್ರಪ್ಪ: ಕೊಡ್ತಿರಲಿಲ್ಲ. ಅದಕ್ಕೇ ಮಕ್ಕಳು ನನಗೆ ಹೆದರ್ತಿದ್ರು, ನಿನಗೆ ಹೆದರ್ತಿರಲಿಲ್ಲ.

ಲಕ್ಷ್ಮೀಪತಿ: ಇದೊಂದು ಕೇಳು. ಗಣಪತಿ ಸೈಟಿಗೆ ಅರ್ಜಿ ಹಾಕ್ತಾನೆ. ಗುಮಾಸ್ತ ‘ಸದ್ಯದ ವಾಸ ಎಲ್ಲಿ?’ ಅಂತಾನೆ. ‘ನಾನು ಸರ್ವಾಂತರ್ಯಾಮಿ’ ಅಂತಾನೆ ಗಣಪತಿ. ‘ಹಾಗಾದರೆ ಎಲ್ಲ ಕಡೆಯೂ ಸ್ವಂತ ಮನೆ ಇದೆ ಅಂತಾಯ್ತು, ನಿಮಗೆ ಸೈಟು ಬರೋದಿಲ್ಲ ಸ್ವಾಮಿ.’

ದೇವೇಂದ್ರಪ್ಪನವರ ಮೀಸೆ ಒಂದು ಸಲ ಅದುರಿತು. ಅವರು ಕಾಫಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದರು. ಲೋಟ ಆಗಲೇ ಖಾಲಿಯಾಗಿತ್ತು.

ದೇವೇಂದ್ರಪ್ಪ: ನೀನು ಇದನ್ನ ಭಾನುವಾರ ಹೊಗಳಿದ್ಯೋ, ಸೋಮವಾರದಿಂದ ವಾಕಿಂಗಿಗೆ ನನ್ನನ್ನ ಕರೀಬೇಡ.

ಮೇಷ್ಟ್ರ ನಗು ತಟ್ಟನೆ ನಿಂತಿತು. ಆ ವಾಕಿಂಗ್ ಇಲ್ಲದ ಬೆಳಗು ಅವರ ಕಲ್ಪನೆಗೆ ಬರಲಿಲ್ಲ.

ಲಕ್ಷ್ಮೀಪತಿ: ಮೆಚ್ಚೋದು ಬೇರೆ, ಒಪ್ಪೋದು ಬೇರೆ ಕಣೋ ದೇವೇಂದ್ರ.

ದೇವೇಂದ್ರಪ್ಪ: ಎರಡೂ ಒಂದೇ.

ಲೋಟ ತೆಗೆದುಕೊಳ್ಳಲು ಬಂದ ಮೇಷ್ಟ್ರ ಮಡದಿ ವತ್ಸಲಾ ಅಲ್ಲೇ ನಿಂತರು.

ವತ್ಸಲಾ: ಒಂದೇ ಅಲ್ಲ. ಮದುವೆಯಾದಾಗಿನಿಂದ ನಾನು ಇವರ ಮಾತು ಒಂದನ್ನೂ ಒಪ್ಪಿಲ್ಲ. ಆದರೂ ಇಲ್ಲೇ ಇದೀನಲ್ಲ.

ಲಕ್ಷ್ಮೀಪತಿ: ನೋಡಿದ್ಯಾ, ಸಾಕ್ಷಿ ಮನೇಲೇ ಇದೆ.

ವತ್ಸಲಾ: ನಾನು ಮೊನ್ನೆಯೇ ಓದಿ ಮುಗಿಸಿದೆ. ನಿವೃತ್ತ ಮೇಷ್ಟ್ರ ಅಧ್ಯಾಯ ಬಂತಾ ನಿಮಗೆ?

ಲಕ್ಷ್ಮೀಪತಿ: ಇನ್ನೂ ಇಲ್ಲ. ಮೇಷ್ಟ್ರೂ ಬರ್ತಾರಾ?

ವತ್ಸಲಾ ಪುಸ್ತಕ ತೆಗೆದುಕೊಂಡು, ಕನ್ನಡಕ ಏರಿಸಿ ಓದಿದರು: “ಕನ್ನಡ ಮೇಷ್ಟ್ರು ಸತ್ತು ಮೇಲಕ್ಕೆ ಹೋದರು. ಅಲ್ಲಿ ಎರಡು ಬಾಗಿಲು. ಒಂದರ ಬೋರ್ಡಿನಲ್ಲಿ ‘ಸ್ವರ್ಘ’ ಎಂದು ಮಹಾಪ್ರಾಣ. ಇನ್ನೊಂದರಲ್ಲಿ ‘ನರಕ’ ಎಂದು ಅಕ್ಷರ ಶುದ್ಧವಾಗಿತ್ತು. ಮೇಷ್ಟ್ರು ಹಿಂದೆ ಮುಂದೆ ನೋಡದೆ ನರಕಕ್ಕೆ ನಡೆದರು.”

ದೇವೇಂದ್ರಪ್ಪನವರಿಗೆ ಈ ಸಲ ಲೋಟವೂ ಸಿಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

ಲಕ್ಷ್ಮೀಪತಿ: ಇದರಲ್ಲಿ ನಗೋದೇನಿದೆ? ಬೋರ್ಡು ನೋಡಿ ಹಾಗೆ ಯಾರಾದ್ರೂ ಮಾಡ್ತಾರಾ?

ವತ್ಸಲಾ: ಹಸಿದುಕೊಂಡು ಹೋಟೆಲಿಗೆ ಹೋದಾಗ ‘ಸಸ್ಯಹಾರಿ’ ಅಂತ ದೀರ್ಘ ಬಿಟ್ಟು ಬರೆದಿದಾರೆ ಅಂತ ಬಾಗಿಲಿಂದಲೇ ವಾಪಸು ಕರ್ಕೊಂಡು ಬಂದವರು ಯಾರು?

ಲಕ್ಷ್ಮೀಪತಿ: ಸಸ್ಯಹಾರಿ ಅಂದ್ರೆ ಸಸ್ಯ ಕದಿಯೋನು ಅಂತಾಗುತ್ತೆ ಕಣೇ. ಕಳ್ಳನ ಮನೇಲಿ ಉಣ್ತೀಯಾ?

ದೇವೇಂದ್ರಪ್ಪ: ಈ ಪುಸ್ತಕ ಬರೆದವನು ಬಹಳ ಚೆನ್ನಾಗಿ ಬರೀತಾನೆ ಕಣಮ್ಮ. ನಿಜವಾಗ್ಲೂ.

ಲಕ್ಷ್ಮೀಪತಿ: ಅವನಿಗೆ ಗುರುಭಕ್ತಿ ಇಲ್ಲ. ಮನುಷ್ಯನೇ ಸರಿಯಿಲ್ಲ.

ದೇವೇಂದ್ರಪ್ಪ: ಹಾಗಾದ್ರೆ ಭಾನುವಾರ ಬೈತೀಯ ಅಂತಾಯ್ತು.

ಮೇಷ್ಟ್ರು ಪುಸ್ತಕ ಇಸಿದುಕೊಂಡು ಆ ಪುಟವನ್ನು ತಾವೇ ಓದಿದರು. ಮತ್ತೊಮ್ಮೆ ಓದಿದರು. ತುಟಿಯ ಒಂದು ಅಂಚು ಮೇಲಕ್ಕೆ ಹೋಯಿತು; ಅದನ್ನು ಕೆಳಗೆಳೆಯಲು ನೋಡಿದರು, ಆಗಲಿಲ್ಲ.

ಲಕ್ಷ್ಮೀಪತಿ: ಇಲ್ಲ ಕಣೋ, ಹೊಗಳ್ತೀನಿ. ದೇವರನ್ನ ಆಡಿಕೊಂಡಾಗ ನಕ್ಕು, ನನ್ನನ್ನ ಆಡಿಕೊಂಡಾಗ ಸಿಟ್ಟು ಮಾಡಿಕೊಂಡ್ರೆ, ನಾನು ದೇವರಿಗಿಂತ ದೊಡ್ಡವನು ಅಂದ ಹಾಗಾಯ್ತು. ವಾಕಿಂಗಿಗೆ ನೀನು ಬರದಿದ್ರೆ ಒಬ್ಬನೇ ಹೋಗ್ತೀನಿ.

ದೇವೇಂದ್ರಪ್ಪ ಗೆಳೆಯನ ಮುಖವನ್ನೇ ನೋಡಿದರು.

ದೇವೇಂದ್ರಪ್ಪ: ಒಬ್ಬನೇ ಹೋದ್ರೆ ದಾರಿಯ ಬೋರ್ಡುಗಳನ್ನ ಯಾರಿಗೆ ತಿದ್ದಿ ಹೇಳ್ತೀಯ? ಬರ್ತೀನಿ ಬಿಡು. ಆದ್ರೆ ಭಾನುವಾರ ಆ ಪುಟವನ್ನ ನೀನೇ ಗಟ್ಟಿಯಾಗಿ ಓದಬೇಕು, ಇದ್ದದ್ದು ಇದ್ದ ಹಾಗೆ.

ಲಕ್ಷ್ಮೀಪತಿ: ಅದೇನು ಮಹಾ. “ಅಲ್ಲಿ ಎರಡು ಬಾಗಿಲು. ಒಂದರ ಬೋರ್ಡಿನಲ್ಲಿ ‘ಸ್ವರ್ಗ’ ಎಂದು...”

ದೇವೇಂದ್ರಪ್ಪ: ತಿದ್ದಿಬಿಟ್ಟೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ನಾಲಿಗೆ ತಾನೇ ತಾನಾಗಿ ಮತ್ತೆ ತಿದ್ದಿಕೊಂಡಿತು.

ದೇವೇಂದ್ರಪ್ಪ: ಹೀಗೆ ಓದಿದ್ರೆ ಮೇಷ್ಟ್ರು ನೆಟ್ಟಗೆ ಸ್ವರ್ಗಕ್ಕೇ ಹೋಗಿಬಿಡ್ತಾರೆ. ಜನ ನಗೋದು ಯಾವಾಗ?

ವತ್ಸಲಾ: ಆ ಒಂದು ಅಕ್ಷರ ನಾನೇ ಪಕ್ಕದಲ್ಲಿ ಕೂತು ಹೇಳ್ತೀನಿ ಬಿಡಿ. ಇವರನ್ನ ನರಕಕ್ಕೆ ಕಳಿಸೋ ಪುಣ್ಯ ಬೇರೆಯವರಿಗೆ ಯಾಕೆ?