ನಮ್ಮ ಲಿಲ್ಲಿಗೆ ಬಿದ್ದ ಜಿಗಿ

ಲಿಲ್ಲಿ ಹೂವಿನ ಕುಂಡಗಳನ್ನು ಹಿತ್ತಲ ಗೋಡೆಯ ನೆರಳಿಗೆ ಸಾಗಿಸಿದ್ದು ಯಾರು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ನನ್ನ ಪ್ರಕಾರ ಹೆಂಡತಿ ಗಿರಿಜಾ. ಅವಳ ಪ್ರಕಾರ ನಾನು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದಕ್ಕೇ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆ ನೋಟ್‌ಬುಕ್ ಎಲ್ಲಿಟ್ಟೆ ಎಂಬುದನ್ನು ಮಾತ್ರ ಎಲ್ಲೂ ಬರೆದಿಟ್ಟಿರಲಿಲ್ಲ.

ಕುಂಡಗಳು ಐದು. ಹರಪನಹಳ್ಳಿಯಲ್ಲಿರುವ ಗಿರಿಜಾಳ ಅಕ್ಕ ಶಾಂತಕ್ಕ ಕೊಟ್ಟ ಗೆಡ್ಡೆಗಳು. ಕೊಡುವಾಗಲೇ ಷರತ್ತು ವಿಧಿಸಿದ್ದರು. “ಹೂವು ಬಿಡೋ ಹೊತ್ತಿಗೆ ನೋಡಾಕ ಬರ್ತೀನಿ. ಒಣಗಿಸಿದ್ರ ವಾಪಸ್ ಒಯ್ತೀನಿ ನೋಡವ್ವಾ!” ಗಿರಿಜಾ ಶಾಲೆಯಿಂದ ಬಂದರೆ ಚಪ್ಪಲಿ ಬಿಡುವ ಮೊದಲೇ ಲಿಲ್ಲಿಗಳನ್ನು ಮಾತಾಡಿಸುತ್ತಿದ್ದಳು. ನನ್ನನ್ನು ಮಾತಾಡಿಸುತ್ತಿದ್ದದ್ದು ಚಹಾ ಕುಡಿದ ಮೇಲೆ.

ಶಾಂತಕ್ಕನಿಂದ ನನಗೂ ಒಂದು ಕೊಡುಗೆ ಬಂದಿತ್ತು. ಒಮ್ಮೆ ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಗಿರಿಜಾಳನ್ನು ಮರೆತು ನಾನೊಬ್ಬನೇ ಕೂಡ್ಲಿಗಿ ಬಸ್ಸು ಹತ್ತಿ ಮನೆಗೆ ಬಂದಿದ್ದೆನಂತೆ. ಸುದ್ದಿ ಹರಪನಹಳ್ಳಿ ಮುಟ್ಟಿದ ವಾರದಲ್ಲೇ ಒಂದೆಲಗ, ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ ಪಾಕ ಬಾಟಲಿಗಟ್ಟಲೆ ಬಂತು. ನೆನಪಿನ ಶಕ್ತಿಗೆ! ನಾನು ರಸಾಯನಶಾಸ್ತ್ರದ ಎಂ.ಎಸ್ಸಿ., ಕಾಲೇಜಿನಲ್ಲಿ ಪಾಠ ಹೇಳುವವನು. ಪುರಾವೆ ಇಲ್ಲದ್ದನ್ನು ಕುಡಿಯುವವನಲ್ಲ. ಹಾಗೆಂದು ಹೆಂಡತಿಗೆ ಹೇಳುವವನೂ ಅಲ್ಲ. ದಿನಾ ಬೆಳಿಗ್ಗೆ ಅವಳು ಕೊಟ್ಟ ಲೋಟವನ್ನು ಬಚ್ಚಲಿಗೆ ಒಯ್ದು, ತಲೆಗಿಂತ ಎತ್ತರದ ಕಿಂಡಿಯಿಂದ ಆಚೆಗೆ ಬೀಸಿ ಚೆಲ್ಲಿ, ಬಾಯಿ ಒರೆಸಿಕೊಂಡು ಬರುತ್ತಿದ್ದೆ.

ಬೇಸಿಗೆಯಲ್ಲಿ ಎಲೆಗಳು ಅಂಟಂಟಾದವು.

“ರೀ, ಎಲಿ ಮುಟ್ಟಿದ್ರ ಬೆರಳು ಹತ್ಕೊಳ್ತಾವು. ಮೊಗ್ಗು ಬ್ಯಾರೆ ಬಂದಾವು. ಮುಂದಿನ ಭಾನುವಾರ ಅಕ್ಕ ಬರ್ತಾಳ!”

“ಸೈನ್ಸ್ ಓದಿದಾವ ಮನ್ಯಾಗ ಅದಾನ. ನಿನಗ್ಯಾಕ ಚಿಂತಿ?” ಎಂದೆ.

ಅಂಟು, ನಮ್ಮ ಕಡೆಯ ಮಾತಿನಲ್ಲಿ ಜಿಗಿ, ಎಂದರೆ ಹೇನು. ಎಲೆಯ ರಸ ಹೀರಿ ಸಿಹಿ ಸುರಿಸುವ ಪುಟ್ಟ ಕೀಟ. ಭೂತಗನ್ನಡಿ ಹಿಡಿದು ಸಂಜೆಯೆಲ್ಲ ಮೊಣಕಾಲೂರಿ ಹುಡುಕಿದೆ. ಒಂದು ಹೇನೂ ಸಿಗಲಿಲ್ಲ. ಬಹಳ ಬುದ್ಧಿವಂತ ಹೇನುಗಳೆಂದು ತೀರ್ಮಾನಿಸಿದೆ.

ಕೊಟ್ಟೂರಿನ ಕೀಟನಾಶಕದ ಅಂಗಡಿಗೆ ಹೋದೆ.

“ಏನ್ ಬೆಳಿರೀ ಸರ್?”

“ಲಿಲ್ಲಿ. ಜಿಗಿ ಬಿದ್ದೈತಿ.”

“ಎಷ್ಟು ಎಕರೆ?”

“ಐದು ಕುಂಡ.”

ಅಂಗಡಿಯವರು ಪೆನ್ನು ಕೆಳಗಿಟ್ಟರು. ಬೆನ್ನ ಹಿಂದೆ ನಿಂತಿದ್ದ ಹಿರಿಯ ರೈತರೊಬ್ಬರು, “ಹೇನು ಕಣ್ಣಿಗಿ ಬಿದ್ವೇನ್ರಿ?” ಎಂದು ಕೇಳಿದರು.

“ಇಲ್ಲ.”

“ಹಂಗಾರ ಮ್ಯಾಲಿಂದ ಏನರ ಬೀಳಾಕತ್ತಿರಬೇಕು. ತಲಿ ಎತ್ತಿ ನೋಡ್ರಿ.”

ಅಲ್ಲಿ ಮರವೇ ಇಲ್ಲವೆಂದು ಅವರಿಗೆ ತಾಳ್ಮೆಯಿಂದ ತಿಳಿಸಿ ಹೇಳಿ, ಬೇವಿನ ಎಣ್ಣೆ ಕೊಂಡು ಬಂದೆ.

ಸಂಜೆ ಸೋಪಿನ ನೀರಿನಲ್ಲಿ ಎಲೆಗಳನ್ನು ಒಂದೊಂದಾಗಿ ಒರೆಸಿ ಎಣ್ಣೆ ಸಿಂಪಡಿಸಿದೆ. ಮರುದಿನ ಕಾಲೇಜಿನಿಂದ ಬಂದು ನೋಡಿದರೆ ಮತ್ತೆ ಅಂಟು! ಮತ್ತೆ ಒರೆಸಿದೆ. ಮತ್ತೆ ಅಂಟು. ಸೊಂಟ ಹಿಡಿದುಕೊಂಡಿತು. ನಾಲ್ಕನೆಯ ದಿನ ನೀರಿಗೆ ಎಣ್ಣೆ ಹಾಕಿದೆನೋ ಇಲ್ಲವೋ ನೆನಪಾಗದೆ ಇನ್ನೊಮ್ಮೆ ಹಾಕಿದೆ. ಅನುಮಾನ ಬಂದು ಮೂರನೆಯ ಸಲವೂ ಹಾಕಿದೆ. ಎಲೆಗಳು ಅಂಚಿನಿಂದ ಸುಟ್ಟುಹೋದವು. ಮೊಗ್ಗುಗಳು ಕಪ್ಪಾದವು.

“ಔಷಧ ಮುಟ್ಟಾಕತ್ತೈತಿ,” ಎಂದೆ.

“ಯಾರಿಗೆ?” ಎಂದಳು ಗಿರಿಜಾ.

ಅದೃಷ್ಟಕ್ಕೆ ಐದನೆಯ ಕುಂಡವನ್ನು ಪ್ರಯೋಗಕ್ಕೆಂದು ಮೊದಲ ದಿನವೇ ಮುಂದಿನ ಅಂಗಳಕ್ಕೆ ಹೊತ್ತು ಹಾಕಿದ್ದೆ. ಒಮ್ಮೆ ನೀರಲ್ಲಿ ಒರೆಸಿದ್ದಷ್ಟೇ. ಅದಕ್ಕೆ ಅಂಟು ಮರಳಿ ಬರಲೇ ಇಲ್ಲ. ವಿಜ್ಞಾನಿಯಾದವನು ಇಲ್ಲಿ ನಿಂತು ಯೋಚಿಸಬೇಕಿತ್ತು. ನಾನು, ‘ಇದಕ್ಕೆ ಮೊದಲಿನಿಂದಲೂ ರೋಗವಿರಲಿಲ್ಲ’ ಎಂದು ಒಂದು ಲಕೋಟೆಯ ಹಿಂಬದಿಯಲ್ಲಿ ಬರೆದುಕೊಂಡೆ.

ಭಾನುವಾರ ಬೆಳಿಗ್ಗೆ ಶಾಂತಕ್ಕ ಬಂದವರೇ ಹಿತ್ತಲಿಗೆ ನಡೆದರು. ಎಲೆಯೊಂದರ ಮೇಲೆ ಬೆರಳೆಳೆದರು. ಮೂಸಿದರು. ನಾನು ಬೇವಿನ ಎಣ್ಣೆಯ ಎಚ್ಚರಿಕೆ ಕೊಡುವುದರೊಳಗೆ ನಾಲಿಗೆಗೂ ಮುಟ್ಟಿಸಿದರು! ಕಹಿಗೆ ಮುಖ ಕಿವುಚಿದರು. ಆಮೇಲೆ ಕಣ್ಣು ಕಿರಿದಾಯಿತು.

“ಗಿರಿಜಾ, ಇದು ಹೇನಲ್ಲ. ಇದು ನನ್ನ ಏಲಕ್ಕಿ.”

ಅವರು ತಲೆ ಎತ್ತಿದರು. ಕೊಟ್ಟೂರಿನ ರೈತರು ಹೇಳಿದ್ದು ಅದನ್ನೇ. ಗೋಡೆಯ ಮೇಲೆ ಬಚ್ಚಲ ಕಿಂಡಿ. ಕಿಂಡಿಯಿಂದ ಕೆಳಗಿನವರೆಗೆ ಕಂದು ಬಣ್ಣದ ಗೆರೆ. ಗೆರೆಯುದ್ದಕ್ಕೂ ಇರುವೆಗಳ ಸಾಲು.

“ಮೇಷ್ಟ್ರ, ಇವತ್ತು ಪಾಕ ಕುಡಿದ್ರೇನು?”

“ಕುಡಿದೆ,” ಎಂದೆ, ಅಭ್ಯಾಸ ಬಲದಿಂದ.

“ನೀವು ಕುಡಿದ್ರೋ, ಇವು ಕುಡಿದ್ವೋ?”

ಗಿರಿಜಾ ನಗಲಿಲ್ಲ. ಕಪ್ಪಾದ ಮೊಗ್ಗೊಂದನ್ನು ಹಿಡಿದುಕೊಂಡು, “ದಿನಾ ಬಾಯಿ ಒರಸ್ಕೊಂಡು ಬರ್ತಿದ್ರಲ್ರೀ,” ಎಂದಳು, ಮೆಲ್ಲಗೆ.

ನಾನು ವಾದ ಬಿಡಲಿಲ್ಲ: ಕಿಂಡಿಯ ಕೆಳಗೆ ಕುಂಡ ತಂದಿಟ್ಟವರದೇ ಮೂಲ ತಪ್ಪಲ್ಲವೇ? ಇಬ್ಬರೂ ನನ್ನನ್ನೇ ನೋಡಿದರು.

ನಾಲ್ಕು ಕುಂಡಗಳು ಶಾಂತಕ್ಕ ಬಂದಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಹರಪನಹಳ್ಳಿಗೆ ಹೊರಟವು. ಅಂಗಳದಲ್ಲಿದ್ದ ಒಂದನ್ನು ಶಾಂತಕ್ಕ ತಂಗಿಯ ಮುಖ ನೋಡಿ ಬಿಟ್ಟುಹೋದರು. ಅದು ಬುಧವಾರ ಕೆಂಪಗೆ ಅರಳಿತು. ಗಿರಿಜಾ ಚಪ್ಪಲಿಯಲ್ಲೇ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನೀಗ ಪಾಕವನ್ನು ಅವಳೆದುರೇ ಕುಡಿಯುತ್ತೇನೆ. ಕುಡಿದ ಮೇಲೆ ಬಾಯಿ ತೆರೆದು ತೋರಿಸುತ್ತೇನೆ.

ನೋಟ್‌ಬುಕ್ ಆ ವಾರವೇ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು. ಪಾಕದಿಂದಲ್ಲ, ಅಕ್ಕಿ ಮುಗಿದದ್ದರಿಂದ. ಬೇಸಿಗೆಯ ಮೊದಲ ಪುಟ ತೆರೆದು ನೋಡಿದೆ: ‘ಕುಂಡಗಳನ್ನು ಬಚ್ಚಲ ಕಿಂಡಿಯ ಕೆಳಗೆ ಸಾಗಿಸಿದೆ. ಗಿರಿಜಾ ಬೇಡ ಎಂದಳು.’

ಅಕ್ಷರ ನನ್ನದೇ.